ಹೆಜ್ಜೆ ಗುಡಿಸುವ ಪೊರಕೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬತ್ತಿದ ನದಿಯ ಮರಳಿನ ಮೇಲೆ ಹೆಂಗಸೊಬ್ಬರು ಸೊಂಟ ಬಾಗಿಸಿ ಹಿಂದಹಿಂದಕ್ಕೆ ನಡೆಯುತ್ತಿದ್ದಾರೆ. ತಲೆಗೆ ಬಟ್ಟೆ ಸುತ್ತಿದ್ದಾರೆ, ಕಾಲಿಗೆ ಗಂಡನ ಹಳೇ ಬೂಟು. ಕೈಯಲ್ಲಿ ಉದ್ದ ಹಿಡಿಯ ಮೆತ್ತನೆ ಪೊರಕೆ. ಎಡಕ್ಕೊಂದು ಬೀಸು, ಬಲಕ್ಕೊಂದು ಬೀಸು, ಒಂದು ಹೆಜ್ಜೆ ಹಿಂದಕ್ಕೆ. ಅವರ ಮುಂದೆ ಈಗಷ್ಟೇ ಹತ್ತಾರು ಜನ ತುಳಿದುಹೋದ ಗುರುತಿತ್ತು. ಕ್ಯಾಮೆರಾ ಹೊತ್ತವರದು, ಪೆಟ್ಟಿಗೆ ಎಳೆದವರದು, ಚಹಾದ ಫ್ಲಾಸ್ಕ್ ತಂದವರದು. ಪೊರಕೆ ಆಡಿದ ಮೇಲೆ ಅಲ್ಲಿ ಏನೂ ಇಲ್ಲ. ಭೂಮಿ ಹುಟ್ಟಿದಾಗಿನಿಂದ ಆ ಮರಳನ್ನು ಯಾರೂ ಮೆಟ್ಟಿಲ್ಲ ಎನ್ನಬೇಕು, ಹಾಗೆ.

ದಡ ತಲುಪಿದ ಮೇಲೆ ಅವರು ಸೊಂಟ ನೆಟ್ಟಗೆ ಮಾಡಿ, ಜರಡಿಯಲ್ಲಿ ಒಣಮರಳು ತುಂಬಿಕೊಂಡು ಪೊರಕೆಯ ಗೆರೆಗಳ ಮೇಲೆ ಹಗುರವಾಗಿ ಉದುರಿಸುತ್ತಾರೆ. ಗಾಳಿ ತಂದು ಸುರಿದಂತೆ ಕಾಣಬೇಕಲ್ಲ. ಆಮೇಲೆ ಕೈ ಎತ್ತುತ್ತಾರೆ. ಆ ಬದಿಯಲ್ಲಿ ಕಾಯುತ್ತಿದ್ದ ಗಡ್ಡದ ಮನುಷ್ಯ ಬೆನ್ನಿಗೆ ಚೀಲ ಏರಿಸಿ, ಮುಖ ಬಾಡಿಸಿಕೊಂಡು, ಕುಂಟುತ್ತಾ ಮರಳಿಗೆ ಇಳಿಯುತ್ತಾನೆ. ವಾರಕ್ಕೊಮ್ಮೆ ಲಕ್ಷಾಂತರ ಮನೆಗಳ ಟೀವಿಯಲ್ಲಿ ಕಾಣುವ, ಅನ್ನನೀರಿಲ್ಲದೆ ಕಾಡಿನಿಂದ ಪಾರಾಗಿ ಬರುವ ಒಂಟಿ ಸಾಹಸಿ ಇವನೇ.

"ಒಂಟಿ ಅಂತಾರೆ. ಅವರ ಹಿಂದೆ ಒಂದು ಬಸ್ಸಿನಷ್ಟು ಜನ ಇರ್ತೀವಿ," ಎಂದು ಪೊರಕೆಯ ಹೆಂಗಸು ನಗುತ್ತಾರೆ. "ನಾವು ಇಲ್ಲ ಅಂತ ತೋರಿಸೋದೇ ನನ್ನ ಕೆಲಸ."

ಚಿತ್ರೀಕರಣದ ತಂಡದಲ್ಲಿ ಎಲ್ಲರೂ ಅವರನ್ನು ಕರೆಯುವುದು 'ಪೊರಕೆಯಕ್ಕ' ಎಂದು. ಸಾಹಸಿಯನ್ನು ಕರೆಯುವುದು 'ಮೇಷ್ಟ್ರು' ಎಂದು. ಟೀವಿಗೆ ಬರುವ ಮುನ್ನ ಅವರು ಬೆಟ್ಟ ಹತ್ತುವುದನ್ನು ಕಲಿಸುವ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದರು. ಕುಂಟುವುದು ನಟನೆಯಾದರೂ ಹಗ್ಗ ಕಟ್ಟುವುದು, ಬೆಂಕಿ ಹೊತ್ತಿಸುವುದು ಅವರದೇ ವಿದ್ಯೆ. ಹಸಿವೊಂದು ಮಾತ್ರ ಕ್ಯಾಮೆರಾ ಆರಿದೊಡನೆ ತಣಿಯುತ್ತದೆ.

ಪೊರಕೆಯಕ್ಕನ ಕೆಲಸ ಕೇಳಿದಷ್ಟು ಸುಲಭವಲ್ಲ. ಒಣಮರಳಿಗೆ ಪೊರಕೆ, ಹಸಿ ಮಣ್ಣಿಗೆ ನೆನೆಸಿದ ಸ್ಪಂಜು, ಎಲೆ ಉದುರಿದ ಕಡೆ ಬರೀ ಕೈ. ಹುಲ್ಲು ತುಳಿದು ಮಲಗಿದ್ದರೆ ಬೆರಳಲ್ಲಿ ಬಾಚಿ ಎಬ್ಬಿಸಬೇಕು. ಮೇಷ್ಟ್ರು ನಡೆಯುವಾಗ ಒಮ್ಮೆ ಸೀನಿದರೆ ಸಾಕು, ಆ ದೃಶ್ಯ ಮತ್ತೆ ಮೊದಲಿನಿಂದ. ಅಂದರೆ ಮರಳೂ ಮೊದಲಿನಿಂದ. "ಅವರಿಗೆ ನೆಗಡಿಯಾದ್ರೆ ನನಗೆ ಸೊಂಟನೋವು," ಎನ್ನುತ್ತಾರೆ. ಬಿಸಿಲು ಏರಿದ ಮೇಲೆ ಮರಳಿನಿಂದ ಬರುವ ಕಾವು, ಮೂಗಿಗೆ ಅಡರುವ ದೂಳು, ಹೊತ್ತಲ್ಲದ ಹೊತ್ತಿನ ಊಟ. ಹೆಬ್ಬೆರಳಿನ ಬುಡದಲ್ಲಿ ಜಡ್ಡುಗಟ್ಟಿದ ಚರ್ಮವನ್ನು ಅವರು ಇನ್ನೊಬ್ಬರ ಕೈಯನ್ನು ತೋರಿಸುವಂತೆ ತೋರಿಸುತ್ತಾರೆ.

ಹಕ್ಕಿಯ ಕಾಲಿನ ಗುರುತನ್ನಾಗಲಿ, ನರಿ ಓಡಾಡಿದ ಜಾಡನ್ನಾಗಲಿ ಅವರು ಮುಟ್ಟುವುದಿಲ್ಲ. ಸುತ್ತು ಬಳಸಿ ಗುಡಿಸುತ್ತಾರೆ. "ಅವು ಅಲ್ಲಿಯವು. ನಾವು ಹೊರಗಿನವರು."

ಈ ಕೆಲಸಕ್ಕೆ ಬರುವ ಮುನ್ನ ಅವರು ಕ್ರೀಡಾಂಗಣವೊಂದರಲ್ಲಿ ಉದ್ದಜಿಗಿತದ ಮರಳುಗುಂಡಿಯನ್ನು ಸಮ ಮಾಡುತ್ತಿದ್ದರು. ಹುಡುಗಿಯೊಬ್ಬಳು ಓಡಿ ಬಂದು ಹಾರಿ ಬಿದ್ದು ಎದ್ದುಹೋದ ಮೇಲೆ, ಮುಂದಿನವಳು ಓಡಿ ಬರುವುದರೊಳಗೆ ಗುಂಡಿ ಕನ್ನಡಿಯಂತಾಗಬೇಕು. ಅಲ್ಲಿ ಮದುವೆಯಾಗುವ ಮುಂಚೆಯಿಂದ ಮಗಳು ಶಾಲೆ ಮುಗಿಸುವ ತನಕ ದುಡಿದರು. ಒಂದು ದಿನ ಕ್ರೀಡಾಂಗಣದ ಅರ್ಧ ಭಾಗ ವಾಹನ ನಿಲ್ಲಿಸುವ ಜಾಗವಾಯಿತು, ಮರಳುಗುಂಡಿಗೆ ಸಿಮೆಂಟು ಬಿತ್ತು. ಆ ವಾರವೇ ಹಳೆಯ ಓಟಗಾರ್ತಿಯರ ಬಗ್ಗೆ ಚಿತ್ರ ತೆಗೆಯಲು ಬಂದಿದ್ದ ನಿರ್ದೇಶಕಿಯೊಬ್ಬರು, ಕೆಲಸ ಹೋಗಿದ್ದರೂ ಪೊರಕೆ ಹಿಡಿದು ಮೂಲೆಯಲ್ಲಿ ನಿಂತಿದ್ದ ಇವರನ್ನು ನೋಡಿದರು. "ಕಾಡಿಗೆ ಬರ್ತೀರಾ?" ಎಂದು ಕೇಳಿದರು. "ಕಾಡು ಗುಡಿಸೋಕಾ?" ಎಂದು ಇವರು ಕೇಳಿದರು. "ಹೌದು," ಎಂದರು ನಿರ್ದೇಶಕಿ. ಇಬ್ಬರೂ ತಮಾಷೆಯೆಂದುಕೊಂಡಿರಲಿಲ್ಲ.

ಮನೆಯಲ್ಲಿ ನಾಲ್ವರು. ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡ, ಔಷಧದ ಅಂಗಡಿಯಲ್ಲಿ ಕೆಲಸಕ್ಕಿರುವ ಮಗಳು, ಅತ್ತೆ, ಇವರು. ಮುಂಬಾಗಿಲು ತೆರೆದರೆ ಗಂಡನ ಕೆಲಸದ ಮೇಜು, ಅದರಾಚೆ ಟೀವಿ, ಟೀವಿಯೆದುರು ಅತ್ತೆಯ ಮಂಚ. ಸಾಹಸಿಯ ಕಾರ್ಯಕ್ರಮವನ್ನು ಅತ್ತೆ ಒಂದು ವಾರವೂ ತಪ್ಪಿಸಿದವರಲ್ಲ. ಸೊಸೆ ಅದೇ ಕೆಲಸಕ್ಕೆ ಹೋಗುತ್ತಾಳೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಪರದೆಯ ಮೇಲೆ ಆತ ಬೇರು ಅಗಿಯುವುದನ್ನು ಕಂಡರೆ ಅವರ ಕಣ್ಣು ತುಂಬುತ್ತದೆ.

"ಪಾಪ, ಒಬ್ಬನೇ ಇದಾನೆ. ಯಾರಾದ್ರೂ ಒಂದು ತುತ್ತು ಹಾಕ್ಬಾರ್ದಾ?"

"ಹಾಕಿದೀವಿ ಅತ್ತೆ. ಎರಡನೇ ಸಲನೂ ಬಡಿಸ್ಕೊಂಡ್ರು."

"ನೀನು ಸುಮ್ನಿರು. ಅವನ ಮುಖ ನೋಡು, ಹೇಗೆ ಬಾಡಿದೆ."

ಮಗಳದು ತದ್ವಿರುದ್ಧ. "ಎಲ್ಲಾ ಬರೀ ಸುಳ್ಳು ಅಮ್ಮ," ಎನ್ನುತ್ತಾಳೆ ಅವಳು. ತಾಯಿಗೆ ಅದು ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. "ಮನೆಗೆ ನೆಂಟರು ಬರ್ತಾರೆ ಅಂದ್ರೆ ಗುಡಿಸಿ ಒರೆಸ್ತೀವಿ. ಬಂದವರು ಇವರ ಮನೆ ಯಾವಾಗಲೂ ಹೀಗೇ ಇರತ್ತೆ ಅಂದ್ಕೋತಾರೆ. ಅದು ಸುಳ್ಳಾ?"

ಆದರೆ ಗುಡಿಸುವುದಕ್ಕೂ ಒಂದು ಗಡಿ ಇದೆಯೆಂದು ಅವರಿಗೆ ಬೇಗ ಗೊತ್ತಾಯಿತು. ಒಮ್ಮೆ ತಂಡದವರು ಮರದಲ್ಲಿ ಕೆತ್ತಿದ ಚಿರತೆಯ ಪಾದವೊಂದನ್ನು ಕೈಗೆ ಕೊಟ್ಟು, ಮೇಷ್ಟ್ರು ಮಲಗಿದ ಜಾಗದ ಸುತ್ತ ಒತ್ತಿ ಬನ್ನಿ ಎಂದರು. ಇವರು ಒತ್ತಿ ಬಂದರು. ಆ ಕಂತು ಬಂದ ವಾರ ಅತ್ತೆ ಬಾಗಿಲ ಚಿಲಕವನ್ನು ಎರಡೆರಡು ಸಲ ಎದ್ದು ನೋಡಿದರು. ಮುಂದಿನ ಚಿತ್ರೀಕರಣದಲ್ಲಿ ಪೊರಕೆಯಕ್ಕ ಮರದ ಪಾದವನ್ನು ವಾಪಸು ಕೊಟ್ಟರು. "ಇರೋದನ್ನ ಅಳಿಸು ಅನ್ನಿ, ಅಳಿಸ್ತೀನಿ. ಇಲ್ದೇ ಇರೋದನ್ನ ಬರಿ ಅನ್ಬೇಡಿ." ಯಾರೂ ಜಗಳ ಮಾಡಲಿಲ್ಲ. ಆ ಕೆಲಸವನ್ನು ಈಗ ಬೇರೊಬ್ಬರು ಮಾಡುತ್ತಾರೆ.

ಅವರ ಎಡಪಾದದ ಹರಡಿನ ಗಂಟು ಬಲಪಾದದ್ದಕ್ಕಿಂತ ದಪ್ಪ. ಅದರ ಕಥೆಯನ್ನು ತಾವಾಗಿ ಹೇಳುವವರಲ್ಲ. ಕೇಳಿದರೆ ಮುಚ್ಚಿಡುವವರೂ ಅಲ್ಲ.

ಕೆಲವು ವರ್ಷಗಳ ಹಿಂದೆ ತಂಡ ಎತ್ತರದ ಬೆಟ್ಟವೊಂದರ ಮೇಲೆ ಇತ್ತು. ಅಲ್ಲಿ ಬತ್ತಿಹೋದ ಸರೋವರದ ದೊಡ್ಡ ಬಯಲು. ಅಂದಿನ ದೃಶ್ಯ ಇಷ್ಟೇ: ಆಚೆ ದಡದಿಂದ ಸಾಹಸಿ ಒಬ್ಬನೇ ನಿರ್ಜನ ಬಯಲಿಗೆ ಇಳಿಯಬೇಕು. ವಾಹನಗಳನ್ನು ಈಚೆ ದಿಬ್ಬದ ಹಿಂದೆ ನಿಲ್ಲಿಸಿ, ಮೇಷ್ಟ್ರು, ನಿರ್ದೇಶಕಿ, ಕ್ಯಾಮೆರಾದವರು, ಧ್ವನಿ ಹಿಡಿಯುವವರು ಬಯಲು ದಾಟಿದರು. ಕೊನೆಯಲ್ಲಿ ಪೊರಕೆಯಕ್ಕ, ಎಲ್ಲರ ಗುರುತನ್ನೂ ಗುಡಿಸುತ್ತಾ. ಅವರು ಆ ದಡ ಮುಟ್ಟುವ ಹೊತ್ತಿಗೆ ಮಂಜು ಇಳಿಯಿತು. ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ದಟ್ಟ ಮಂಜು. ದಿಬ್ಬದ ಹಿಂದಿದ್ದ ಚಾಲಕರಿಗೆ ವಾಕಿಟಾಕಿ ಮುಟ್ಟಲಿಲ್ಲ. ಬಂದ ದಾರಿ ನೋಡಿಕೊಂಡು ಹೋಗೋಣವೆಂದರೆ, ದಾರಿಯನ್ನು ಒಬ್ಬರು ಶ್ರದ್ಧೆಯಿಂದ ಅಳಿಸಿಬಿಟ್ಟಿದ್ದರು.

ಟೀವಿಯಲ್ಲಾಗಿದ್ದರೆ ಸಾಹಸಿ ಎದ್ದು ಹೊರಡುತ್ತಿದ್ದ. ಮೇಷ್ಟ್ರು ಹಾಗೆ ಮಾಡಲಿಲ್ಲ. ಎಲ್ಲರನ್ನೂ ಬಂಡೆಯೊಂದರ ಮಗ್ಗುಲಿಗೆ ಕರೆದು, ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರು. "ಯಾರೂ ಏಳ್ಬೇಡಿ. ಮಂಜು ತಾನಾಗಿ ಹೋಗತ್ತೆ. ಇಲ್ಲಾಂದ್ರೆ ಡ್ರೈವರ್‌ಗಳು ಹುಡುಕ್ಕೊಂಡು ಬರ್ತಾರೆ," ಎಂದರು. ತಮ್ಮ ಕೋಟನ್ನು ನಿರ್ದೇಶಕಿಗೆ ಹೊದಿಸಿ ತಾವೂ ಕೂತರು.

ಕೂತರು, ಕೂತರು. ಮಂಜು ಕದಲಲಿಲ್ಲ. ಪೊರಕೆಯಕ್ಕನಿಗೆ ಕೂರಲಾಗಲಿಲ್ಲ. ಕಾರ್ಯಕ್ರಮದ ಶುರುವಿನಲ್ಲಿ ಪ್ರತಿವಾರ ಒಂದು ಮಾತು ಮೊಳಗುತ್ತದೆ: 'ನಿಂತವನನ್ನು ಕಾಡು ನುಂಗುತ್ತದೆ, ನಡೆದವನಿಗೆ ದಾರಿ ಸಿಗುತ್ತದೆ.' ಅತ್ತೆಗೆ ಅದು ಬಾಯಿಪಾಠ. ಮನೆಯಲ್ಲಿ ಯಾರಾದರೂ ತಡಮಾಡಿದರೆ ಅವರು ಹೇಳುವುದೂ ಅದನ್ನೇ. ಆ ಮಾತು ಈಗ ಸೊಸೆಯ ತಲೆಯೊಳಗೆ ಕುಟ್ಟತೊಡಗಿತು. ತನ್ನ ಪೊರಕೆಯ ಗೆರೆ ಬೇರೆಯವರಿಗೆ ಕಾಣದಿದ್ದರೂ ತನಗೆ ಕಾಣುತ್ತದೆ, ಅದನ್ನೇ ಹಿಡಿದು ಹೋದರೆ ವಾಹನ ಸಿಕ್ಕೇ ಸಿಗುತ್ತದೆ ಎಂದುಕೊಂಡರು. ಒಂದಕ್ಕೆ ಹೋಗಿ ಬರುತ್ತೇನೆಂದು ನಿರ್ದೇಶಕಿಯ ಕಿವಿಯಲ್ಲಿ ಹೇಳಿ, ಪೊರಕೆಯನ್ನು ಊರುಗೋಲು ಮಾಡಿಕೊಂಡು ಎದ್ದರು.

ಸ್ವಲ್ಪ ದೂರ ಗೆರೆ ಕಂಡಿತು. ಮಂಜಿನ ತೇವಕ್ಕೆ ಮರಳು ಕಪ್ಪಾಗುತ್ತಾ ಬಂದು ಗೆರೆ ಕರಗಿತು. ಇನ್ನು ಹಿಂದಿರುಗೋಣ ಎಂದು ತಿರುಗಿದರೆ ಹಿಂದೆ ಯಾವುದು, ಮುಂದೆ ಯಾವುದು. ಎಲ್ಲ ಕಡೆಯೂ ಒಂದೇ ಬಿಳುಪು. ಕೂಗಿದರು. ಕೂಗು ಹತ್ತಿಯಲ್ಲಿ ಹೂತಂತೆ ಅಲ್ಲೇ ಬಿದ್ದುಹೋಯಿತು. ಗಾಬರಿಯಲ್ಲಿ ಹೆಜ್ಜೆ ಜೋರು ಮಾಡಿದರು. ನೆಲ ತಪ್ಪಿತು. ಮಳೆನೀರು ಕೊರೆದ ಕೊರಕಲಿಗೆ ಬಿದ್ದಾಗ ಹರಡಿನಲ್ಲಿ ಏನೋ ಲಟಕ್ಕೆಂದಿತು.

"ಕಾಲು ನೋವಿಗಿಂತ ಅವಮಾನ ಜಾಸ್ತಿ ಆಯ್ತು," ಎನ್ನುತ್ತಾರೆ. "ಇಷ್ಟೆಲ್ಲಾ ಹಿಂದೆ ನಿಂತು ನೋಡಿದವಳು ನಾನು. ಊಟ ಎಲ್ಲಿಂದ ಬರತ್ತೆ, ಕುಂಟೋದು ಯಾವಾಗ ಶುರು, ಎಲ್ಲಾ ಗೊತ್ತು. ಆದ್ರೂ ಎದ್ದು ಹೊರಟೆ."

ಆ ಕೊರಕಲಿನಲ್ಲಿ ಅವರು ಕೊನೆಗೂ ಸುಮ್ಮನೆ ಕೂತರು. ಬೇರೆ ದಾರಿಯೂ ಇರಲಿಲ್ಲ. ಗಂಟಲು ಒಣಗಿ ಕೂಗಲಾಗದೆ ಪೊರಕೆಯ ಹಿಡಿಯನ್ನು ಕಲ್ಲಿಗೆ ಕುಟ್ಟತೊಡಗಿದರು. ಸ್ವಲ್ಪ ಕುಟ್ಟುವುದು, ಸ್ವಲ್ಪ ಸುಮ್ಮನಿರುವುದು. ಮೇಲೆ ಬಂಡೆಯ ಬಳಿ ಆಗಲೇ ಅವರು ಇಲ್ಲದಿರುವುದು ತಿಳಿದಿತ್ತು. ಮೇಷ್ಟ್ರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ಕ್ಯಾಮೆರಾದವರ ಕೈಗೆ ಕೊಟ್ಟು, ಹಗ್ಗ ಇರುವಷ್ಟು ದೂರ ಹೋಗಿ ಸುತ್ತಿ ಬಂದರು. ಏನೂ ಸಿಗಲಿಲ್ಲ.

ಆಗ ಧ್ವನಿ ಹಿಡಿಯುವವರಿಗೆ ಒಂದು ಯೋಚನೆ ಬಂತು. ಎಲೆಯ ಸದ್ದು, ನೀರಿನ ಸದ್ದು ಹಿಡಿಯಲೆಂದು ತಂದಿದ್ದ ಉದ್ದನೆಯ ಮೈಕನ್ನು ಅವರು ಕೋಲಿನ ತುದಿಗೆ ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ನಿಧಾನವಾಗಿ ಸುತ್ತಲೂ ತಿರುಗಿಸಿದರು. ಎಲ್ಲರೂ ಉಸಿರು ಬಿಗಿಹಿಡಿದರು. ಒಂದು ಕಡೆ ಬಂದಾಗ ಅವರ ಕೈ ನಿಂತಿತು. ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ನಿಂತು ಮತ್ತೆ ಕೇಳಿದರು. "ಮರ ಕಲ್ಲಿಗೆ ಬಡೀತಿದೆ. ಇದೇ ನೇರಕ್ಕೆ ಹೋಗಿ," ಎಂದರು. ಇದ್ದಬದ್ದ ಹಗ್ಗ, ಕೇಬಲ್ಲು ಎಲ್ಲ ಗಂಟು ಹಾಕಿ ಉದ್ದ ಮಾಡಿ, ಅವರ ಕೈ ತೋರಿದ ದಿಕ್ಕಿಗೆ ಮೇಷ್ಟ್ರು ಹೊರಟರು.

ಮೇಷ್ಟ್ರು ಕೊರಕಲಿಗೆ ಇಳಿದು ಪಕ್ಕದಲ್ಲಿ ಕೂತರು. ಬೈಯಲಿಲ್ಲ. ಪೊರಕೆಯ ಹಿಡಿಯನ್ನು ಮುರಿದು ಕಾಲಿಗೆ ಆಸರೆಯಿಟ್ಟು ಬಟ್ಟೆ ಬಿಗಿದರು. ಯಾಕೆ ಎದ್ದು ಬಂದಿರಿ ಎಂದು ಕೇಳಿದ್ದಕ್ಕೆ, ನೀವೇ ಹೇಳುತ್ತೀರಲ್ಲ, ನಿಂತವನನ್ನು ಕಾಡು ನುಂಗುತ್ತೆ ಎಂದು, ಎಂದರು ಇವರು.

"ಆ ಮಾತು ಬರೆದುಕೊಟ್ಟಿದ್ದು ಜಾಹೀರಾತಿನವರು," ಎಂದರು ಮೇಷ್ಟ್ರು. "ನೀವೂ ನಂಬಿದ್ರಾ?"

ಮಂಜು ಹರಿದದ್ದು ಸಂಜೆಗೆ. ಚಾಲಕರು ಹುಡುಕಿಕೊಂಡು ಬಂದರು. ಅಷ್ಟೂ ಹೊತ್ತು ಕ್ಯಾಮೆರಾದವರು ಅಭ್ಯಾಸಬಲದಿಂದ ಆಗಾಗ ಚಿತ್ರ ತೆಗೆದಿದ್ದರು. ಸಂಕಲನದ ಕೋಣೆಯಲ್ಲಿ ಅದನ್ನು ಹಾಕಿ ನೋಡಿದಾಗ ಪರದೆಯ ತುಂಬ ಬಿಳುಪು. ಅದರೊಳಗೆ ಕೆಲವರು ಸುಮ್ಮನೆ ಕೂತಿದ್ದಾರೆ. ಒಬ್ಬರು ಉಗುರು ಕಚ್ಚುತ್ತಿದ್ದಾರೆ, ಒಬ್ಬರು ಮೈಕು ಹಿಡಿದು ತಿರುಗುತ್ತಿದ್ದಾರೆ. ಸಂಭಾಷಣೆಯಿಲ್ಲ, ಓಟವಿಲ್ಲ. ವಾಹಿನಿಯ ಅಧಿಕಾರಿ ಒಬ್ಬರು ನೋಡಿ, "ಇದು ನಿಜ ಅಂತ ಯಾರೂ ನಂಬಲ್ಲ," ಎಂದರಂತೆ. ಘಟನೆ ಮಾತ್ರ ಅವರಿಗೆ ಬಹಳ ಹಿಡಿಸಿ, ಅದನ್ನು ಹೊಸದಾಗಿ ಚಿತ್ರೀಕರಿಸಲು ಹೇಳಿದರು. ಅದೇ ಕೊರಕಲು, ಹೊಗೆ ಯಂತ್ರದ ಮಂಜು. ಬೀಳುವವನು ಸಾಹಸಿ. ಕಾಲಿಗೆ ತಾನೇ ಕೋಲು ಕಟ್ಟಿಕೊಂಡು, ಬಂಡೆ ಹತ್ತಿ, ಬೇಟೆನಾಯಿಗಳಂತೆ ಬೆನ್ನಟ್ಟುವ ಚಳಿಯಿಂದ ಪಾರಾಗಿ ಒಬ್ಬನೇ ಹೊರಬರುತ್ತಾನೆ.

ಆ ಕಂತು ಪ್ರಸಾರವಾದ ದಿನ ಪೊರಕೆಯಕ್ಕ ಅತ್ತೆಯ ಮಂಚದ ಮೇಲೆ, ಅವರ ಪಕ್ಕದಲ್ಲೇ, ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲೆ ಚಾಚಿ ಕೂತಿದ್ದರು. ಸಾಹಸಿ ಕೊರಕಲಿಗೆ ಬಿದ್ದೊಡನೆ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯೋ, ಕಾಲು ಮುರ್ಕೊಂಡ ಕಣೇ. ಎಷ್ಟು ನೋವಾಯ್ತೋ ಏನೋ."

"ತುಂಬಾ ನೋವಾಗತ್ತೆ ಅತ್ತೆ," ಎಂದರು ಸೊಸೆ.

ಅತ್ತೆ ತಿರುಗಿ ಸೊಸೆಯ ಮುಖ ನೋಡಿದರು. ಆಮೇಲೆ ದಿಂಬಿನ ಮೇಲಿನ ಕಾಲು ನೋಡಿದರು. ಟೀವಿಯಲ್ಲಿ ಸಂಗೀತ ಏರುತ್ತಿತ್ತು. ಅವರು ರಿಮೋಟು ಹುಡುಕಿ ಅದನ್ನು ಆರಿಸಿದರು. "ಆ ಕಾರ್ಯಕ್ರಮವನ್ನ ಅವರು ಅರ್ಧಕ್ಕೆ ಆರಿಸಿದ್ದು ಅದೊಂದೇ ಸಲ," ಎಂದು ಪೊರಕೆಯಕ್ಕ ಈಗ ನಗುತ್ತಾರೆ. ಸೊಸೆಯ ಕಾಲನ್ನು ಮಡಿಲಿಗೆ ಎತ್ತಿಕೊಂಡು, ಪ್ಲಾಸ್ಟರಿನ ಹೊರಗೆ ಉಳಿದಿದ್ದ ಬೆರಳುಗಳನ್ನು ಅತ್ತೆ ಒಂದೊಂದಾಗಿ ನೀವಿದರಂತೆ.

ಮರುದಿನ ಮೇಷ್ಟ್ರು ಮನೆಗೆ ಬಂದರು. ಗಂಡ ಕೆಲಸದ ಮೇಜಿನ ಮುಂದಿನ ಸ್ಟೂಲು ಒರೆಸಿ ಕೊಟ್ಟರು. ಅತ್ತೆ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಟೀವಿಲಿ ಕಾಣೋದಕ್ಕಿಂತ ಚೆನ್ನಾಗೇ ಉಂಡಿದೀಯಪ್ಪ," ಎಂದು ಒಳಗೆ ಹೋದರು. ಆ ಕಂತು ಮಾಡಬಾರದಿತ್ತು, ಒಪ್ಪಂದ ಅಡ್ಡಬಂತು ಎಂದು ಮೇಷ್ಟ್ರು ತಲೆ ತಗ್ಗಿಸಿ ಹೇಳಿದರು. ನಿಮಗೆ ನನ್ನಿಂದ ಏನಾಗಬೇಕು ಎಂದು ಕೇಳಿದರು.

"ನನ್ನ ಹೆಸರು ಹಾಕಿ ಅಂತ ಕೇಳ್ತೀನಿ ಅಂದ್ಕೊಂಡಿದ್ರೇನೋ. ನನಗೆ ಅದು ತಲೇಲೇ ಇರ್ಲಿಲ್ಲ. ಅವತ್ತು ನಮಗೆ ಹೇಳಿದ್ರಲ್ಲ, ಏಳ್ಬೇಡಿ ಅಂತ, ಅದನ್ನ ಎಲ್ಲರಿಗೂ ಹೇಳಿ ಅಂದೆ. ಒಳಗೇ ಇರೋ ನನಗೇ ಹೀಗಾಯ್ತು. ನೋಡೋ ಮಕ್ಕಳ ಗತಿ ಏನು?" ಎನ್ನುತ್ತಾರೆ ಪೊರಕೆಯಕ್ಕ.

ವಾಹಿನಿ ಸುಲಭಕ್ಕೆ ಬಗ್ಗಲಿಲ್ಲ. ಕೂತವನನ್ನು ಯಾರು ನೋಡುತ್ತಾರೆ ಎನ್ನುವುದು ಅವರ ವಾದ. ಶುರುವಿನ ಮಾತನ್ನು ಬದಲಿಸಲು ಅವರು ಇಂದಿಗೂ ಒಪ್ಪಿಲ್ಲ. ಮೇಷ್ಟ್ರು ಮುಂದಿನ ಒಪ್ಪಂದಕ್ಕೆ ಸಹಿ ಹಾಕದೆ ಮನೆಯಲ್ಲಿ ಕೂತರು. ಮುಂದಿನ ಸರಣಿಯ ಚಿತ್ರೀಕರಣ ಶುರುವಾಗುವ ಹೊತ್ತಿಗೆ ಒಂದು ರಾಜಿಯಾಯಿತು. ಈಗ ಪ್ರತಿ ಕಂತಿನ ಕೊನೆಗೆ ಅವರು ಕಲ್ಲೊಂದರ ಮೇಲೆ ಕೂತು, ಕುಂಟದೆ, ಬಾಡದೆ ಹೇಳುತ್ತಾರೆ: ನನ್ನ ಜೊತೆ ದೊಡ್ಡ ತಂಡವಿದೆ. ನೀವು ನಿಜವಾಗಿ ದಾರಿ ತಪ್ಪಿದರೆ ನನ್ನ ಹಾಗೆ ಓಡಾಡಬೇಡಿ. ಇದ್ದಲ್ಲೇ ಕೂತುಕೊಳ್ಳಿ, ಬೆಚ್ಚಗಿರಿ, ಸದ್ದು ಮಾಡುತ್ತಿರಿ. ಹುಡುಕುವವರು ಬರುತ್ತಾರೆ. ಆ ಕ್ಷಣದಲ್ಲಿ ಬಹಳ ಜನ ಚಾನೆಲ್ ಬದಲಿಸುತ್ತಾರೆಂದು ವಾಹಿನಿಯವರು ದೂರುತ್ತಾರೆ. ಅದು ಸುಳ್ಳೇನೂ ಅಲ್ಲ. ಅತ್ತೆಗೂ ಅದು ಪೂರ್ತಿ ಹಿಡಿಸಿಲ್ಲ. "ಅಷ್ಟು ಹೊತ್ತು ಓಡಾಡಿ ನಮ್ಮನ್ನ ಕೂತ್ಕೊಳ್ಳಿ ಅಂತಾನೆ," ಎಂದು ಗೊಣಗುತ್ತಾರೆ. ಆದರೆ ಮುಗಿಯುವವರೆಗೆ ಏಳುವುದಿಲ್ಲ.

ತಂಡದೊಳಗೂ ಒಂದು ಬದಲಾವಣೆಯಾಗಿದೆ. ಕ್ಯಾಮೆರಾದ ಕಣ್ಣಿಗೆ ಬೀಳದ ಬದಿಯಲ್ಲಿ ಕೆಂಪು ಬಟ್ಟೆ ಕಟ್ಟಿದ ಗೂಟಗಳನ್ನು ನೆಡದೆ ಪೊರಕೆಯಕ್ಕ ಒಂದು ಹೆಜ್ಜೆಯನ್ನೂ ಅಳಿಸುವುದಿಲ್ಲ. ಎಷ್ಟೇ ಬೆಳಕು ಜಾರುತ್ತಿರಲಿ, ನಿರ್ದೇಶಕಿ ಕಾಯುತ್ತಾರೆ.

ನದಿಯ ದಡದಲ್ಲಿ ಈಗ ಬಿಸಿಲು ಇಳಿದಿದೆ. ಮೇಷ್ಟ್ರು ಇಂದು ಎರಡು ಸಲ ಸೀನಿದ್ದಾರೆ. ಪೊರಕೆಯಕ್ಕ ಸೊಂಟ ಹಿಡಿದುಕೊಂಡು ಗೂಟಗಳನ್ನು ಕಿತ್ತು ಕಟ್ಟು ಮಾಡಿ ವ್ಯಾನಿನ ಹತ್ತಿರ ಬರುತ್ತಾರೆ. ಎಲ್ಲರೂ ಹತ್ತಿ ಕೂತಿದ್ದಾರೆ. ಚಾಲಕ ಕೀಲಿಗೆ ಕೈ ಹಚ್ಚಿಲ್ಲ. ಹಿಂದಕ್ಕೆ ತಿರುಗಿ ಅವರನ್ನೇ ನೋಡುತ್ತಿದ್ದಾನೆ. ಅವರು ಬಾಗಿಲಲ್ಲಿ ನಿಂತು ಒಂದೊಂದೇ ಮುಖ ನೋಡುತ್ತಾ ಬರುತ್ತಾರೆ. ನಿದ್ದೆಗೆ ಜಾರಿದವರ ಮುಖದ ಮೇಲಿನ ಟವೆಲನ್ನೂ ಎತ್ತಿ ನೋಡುತ್ತಾರೆ.

"ಸರಿ, ಹೊರಡಪ್ಪ," ಎನ್ನುತ್ತಾರೆ.

ಗಾಡಿ ಕದಲಿದ ಮೇಲೆ ಕಿಟಕಿಗೆ ತಲೆಯಾನಿಸಿ ಕೂತು, ಕೇಳದೆಯೇ ಒಂದು ಮಾತು ಹೇಳುತ್ತಾರೆ. "ಇಷ್ಟು ವರ್ಷದಲ್ಲಿ ಈ ಕಾರ್ಯಕ್ರಮದಲ್ಲಿ ನಿಜವಾಗಿ ಕಳೆದುಹೋದವಳು ನಾನೊಬ್ಬಳೇ. ಇನ್ನೊಬ್ಬರು ಕಳೆದುಹೋಗೋಕೆ ನಾನು ಬಿಟ್ಟಿಲ್ಲ."